ಕ್ಯಾಥೆಟರ್ ತಡೆದರೆ ತಳ್ಳಬೇಡಿ

ಬೆನ್ನುಹುರಿಗೆ ಪೆಟ್ಟು ಬಿದ್ದ ಬಹಳಷ್ಟು ಮಂದಿಗೆ ಮೂತ್ರಕೋಶ ತುಂಬಿದ್ದು ತಿಳಿಯುವುದಿಲ್ಲ, ತಾನಾಗಿ ಪೂರ್ತಿ ಖಾಲಿಯೂ ಆಗುವುದಿಲ್ಲ. ಉಳಿದ ಮೂತ್ರದಲ್ಲಿ ಸೋಂಕು, ಕಲ್ಲು. ಒತ್ತಡ ಮೇಲಕ್ಕೇರಿದರೆ ಕಿಡ್ನಿಗೇ ಏಟು. ಹೊಟ್ಟೆ ಒತ್ತಿ ಮೂತ್ರ ಇಳಿಸುವ ಅಡ್ಡದಾರಿ ಬೇಡವೇ ಬೇಡ, ಆ ಒತ್ತಡವೂ ಕಿಡ್ನಿಯತ್ತಲೇ ಹೋಗಬಹುದು. ದಿನಕ್ಕೆ 4ರಿಂದ 6 ಸಲ ಕ್ಯಾಥೆಟರ್ (ಮೂತ್ರ ಹೊರಬಿಡುವ ತೆಳು ಕೊಳವೆ) ಹಾಕಿ, ಖಾಲಿಯಾದೊಡನೆ ತೆಗೆಯುವುದೇ ಸರಿ. ಆಸ್ಪತ್ರೆಯಲ್ಲಿ ಕಲಿತು ಬಂದ ಗಂಡಸರು ಮನೆಯಲ್ಲಿ ಎಡವುವ ಜಾಗದ ಬಗ್ಗೆ ಈ ಮಾತು.

ಸೋಪು ಹಚ್ಚಿ ಕೈ ತೊಳೆಯಿರಿ, ಶಿಶ್ನದ ತುದಿ ಒರೆಸಿ, ಕ್ಯಾಥೆಟರಿಗೆ ಧಾರಾಳವಾಗಿ ಜೆಲ್ಲಿ ಸವರಿ. ನೀರಿನಲ್ಲಿ ಕರಗುವ ಜೆಲ್ಲಿಯೇ ಆಗಬೇಕು; ಎಣ್ಣೆ, ಪೆಟ್ರೋಲಿಯಂ ಜೆಲ್ಲಿ ಮುಟ್ಟಬೇಡಿ.

ಇನ್ನು ಕಷ್ಟದ ಘಟ್ಟ. ಶಿಶ್ನವನ್ನು ಹೊಟ್ಟೆಯ ಕಡೆಗೆ ಎತ್ತಿ ನೆಟ್ಟಗೆ ಹಿಡಿಯಿರಿ. ಜೋತುಬಿಟ್ಟರೆ ಮೂತ್ರನಾಳ ಬಾಗಿ, ತುದಿ ಗೋಡೆಗೆ ತಾಗುತ್ತದೆ. ನಿಧಾನವಾಗಿ ಒಳಗೆ ಬಿಡುತ್ತ ಹೋದಂತೆ ಒಂದು ಕಡೆ ತಡೆಯುತ್ತದೆ. ಅದು ಮೂತ್ರ ಹಿಡಿದಿಡುವ ಸ್ನಾಯು. ಬೆನ್ನುಹುರಿಯ ಪೆಟ್ಟಿನಿಂದ ಅದು ಬಿಗಿದುಕೊಂಡಿರಬಹುದು. ಎಲ್ಲರೂ ಜೋರಾಗಿ ತಳ್ಳುವುದು ಇಲ್ಲಿಯೇ. ರಕ್ತ ಬರುತ್ತದೆ, ನಾಳದ ಗೋಡೆ ಕೊರೆದು ತಪ್ಪುದಾರಿ ಬೀಳುತ್ತದೆ, ಗಾಯ ಮಾಯುವಾಗ ನಾಳ ಕಿರಿದಾಗುತ್ತದೆ. ಆಮೇಲೆ ಪ್ರತಿ ಸಲವೂ ಪರದಾಟ. ತಡೆದಲ್ಲಿ ನಿಲ್ಲಿಸಿ. ಹಿಂದಕ್ಕೆ ಎಳೆಯದೆ, ಮುಂದಕ್ಕೆ ಜೋರಾಗಿ ನೂಕದೆ, ಹಗುರವಾಗಿ ಒತ್ತಿ ಹಿಡಿದು ನಿಧಾನವಾಗಿ ಉಸಿರಾಡಿ. ಕಾಲಿನ ಸೆಳೆತ ಬಂದರೆ ಅದು ಇಳಿಯುವವರೆಗೆ ಕಾಯಿರಿ. ಸ್ನಾಯು ಸಡಿಲವಾದಾಗ ಕ್ಯಾಥೆಟರ್ ತಾನೇ ಜಾರುತ್ತದೆ. ಹೋಗಲೇ ಇಲ್ಲವೆಂದರೆ ತೆಗೆದು, ತುಸು ಹೊತ್ತು ಬಿಟ್ಟು ಹೊಸದನ್ನು ಹಾಕಿ. ಆಗಲೂ ಹೋಗದಿದ್ದರೆ ತಕ್ಷಣ ಆಸ್ಪತ್ರೆಗೆ.

ಮೂತ್ರ ಬರತೊಡಗಿದ ಮೇಲೆ ಇನ್ನೂ 2-3 ಸೆಂ.ಮೀ. ಒಳಗೆ ಬಿಡಿ. ತೆಗೆಯುವಾಗ ನಡುವೆ ಮತ್ತೆ ಹರಿದರೆ ನಿಲ್ಲಿಸಿ, ಪೂರ್ತಿ ಇಳಿಯಲಿ. ಮುಂದೊಗಲು ಹಿಂದೆ ಸರಿಸಿದ್ದರೆ ಮರೆಯದೆ ಮುಂದಕ್ಕೆ ತನ್ನಿ, ಇಲ್ಲವಾದರೆ ಊದಿಕೊಳ್ಳುತ್ತದೆ.

ಒಂದು ಸಲಕ್ಕೆ 500 ಮಿ.ಲೀ. ಮೀರುತ್ತಿದ್ದರೆ ಸಲ ಹೆಚ್ಚಿಸಿ. ಸೋಂಕಿಗೆ ಹೆದರಿ ಸಲ ಕಡಿಮೆ ಮಾಡುವವರಿದ್ದಾರೆ. ಸೋಂಕು ತರುವುದು ಆ ತಪ್ಪೇ. 1972ರಲ್ಲಿ ಅಮೆರಿಕದ ವೈದ್ಯ ಜ್ಯಾಕ್ ಲ್ಯಾಪಿಡೀಸ್ ಪ್ರತಿಪಾದಿಸಿದ್ದೂ ಇದನ್ನೇ: ಶುಚಿಯಾದ ಕೈ ಸಾಕು, ಮೂತ್ರಕೋಶ ಉಬ್ಬಲು ಬಿಡಬಾರದು.

ಸೋಂಕಾದರೂ ಉರಿ ಗೊತ್ತಾಗದಿರಬಹುದು. ಜ್ವರ, ಹೆಚ್ಚಿದ ಸೆಳೆತ, ಹೊಸದಾಗಿ ಸೋರುವುದು ಕಂಡರೆ ವೈದ್ಯರಿಗೆ ತೋರಿಸಿ. ಮೂತ್ರ ಬರೀ ವಾಸನೆ ಬಂತೆಂದು ಆ್ಯಂಟಿಬಯಾಟಿಕ್ ನುಂಗಬೇಡಿ.

ಬೆನ್ನುಹುರಿಯ ಟಿ6 ಮಟ್ಟದಲ್ಲಿ (ಎದೆಭಾಗದ ಆರನೆಯದು) ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪಾಗಿ ಬೆವರಿದರೆ ರಕ್ತದೊತ್ತಡ ಅಪಾಯಕ್ಕೇರಿದೆ ಎಂದರ್ಥ. ನೆಟ್ಟಗೆ ಕೂರಿಸಿ, ಬಟ್ಟೆ ಸಡಿಲಿಸಿ, ಕೂಡಲೇ ಮೂತ್ರ ಖಾಲಿ ಮಾಡಿ. ಆದರೂ ರಕ್ತದೊತ್ತಡ ಇಳಿಯದಿದ್ದರೆ ಆಂಬುಲೆನ್ಸ್ ಕರೆಯಿರಿ.