ರಾಜೀನಾಮೆ ಬರೆದುಕೊಡದೆ ಉಳಿಸಿಕೊಂಡ ನಿರುದ್ಯೋಗ ಪರಿಹಾರ

2020ರ ಅಕ್ಟೋಬರ್ ಮೊದಲ ವಾರದಲ್ಲಿ, ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಆಪರೇಟರ್ ಆಗಿದ್ದ ನನ್ನನ್ನೂ ಇನ್ನು ಕೆಲವರನ್ನೂ ಆಫೀಸಿಗೆ ಕರೆದು, ಆರ್ಡರ್ ಇಲ್ಲವೆಂದು ಹೇಳಿ, ಒಬ್ಬೊಬ್ಬರ ಮುಂದೆಯೂ ಒಂದು ಬಿಳಿ ಹಾಳೆ ಇಟ್ಟರು. “ರಾಜೀನಾಮೆ ಬರೆದುಕೊಟ್ಟುಬಿಡಿ, ಲೆಕ್ಕ ಬೇಗ ಚುಕ್ತಾ ಮಾಡಿಸುತ್ತೇನೆ” ಎಂದರು ಸೂಪರ್‌ವೈಸರ್. ಹೆಚ್ಚಿನವರು ಬರೆದುಕೊಟ್ಟರು. ನಾನು ಮಾತ್ರ, ಕೆಲಸವಿಲ್ಲದ ಕಾರಣ ತೆಗೆದಿದ್ದೇವೆಂದು ನೀವೇ ಬರೆದುಕೊಡಿ ಸಾರ್, ಎಂದು ಕೇಳಿ ಎರಡು ದಿನ ಅಲೆದೆ.

ಕಾರಣವಿಷ್ಟೇ: 18,000 ರೂಪಾಯಿ ಸಂಬಳದಲ್ಲಿ ಪ್ರತಿ ತಿಂಗಳೂ ಇಎಸ್‌ಐಗೆಂದು (ಕಾರ್ಮಿಕರ ರಾಜ್ಯ ವಿಮೆ) 135 ರೂಪಾಯಿ ಕಡಿತವಾಗುತ್ತಿತ್ತು, ಆ ವಂತಿಗೆಯ ಬಲದ ಮೇಲೆ ಕೆಲಸ ಕಳೆದುಕೊಂಡವರಿಗೆ ‘ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ’ಯಲ್ಲಿ ಜೀವಮಾನದಲ್ಲಿ ಒಮ್ಮೆ 90 ದಿನಗಳವರೆಗೆ ಪರಿಹಾರ ಸಿಗುತ್ತದೆ. 2018ರಲ್ಲಿ ಯೋಜನೆ ಬಂದಾಗ ದಿನದ ಸರಾಸರಿ ಗಳಿಕೆಯ ಶೇಕಡಾ 25ರಷ್ಟಿದ್ದ ಮೊತ್ತವನ್ನು ಕೊರೊನಾ ಕಾಲದಲ್ಲಿ 50ಕ್ಕೆ ಏರಿಸಿ, 90 ದಿನ ಕಾಯಬೇಕೆಂಬ ನಿಯಮವನ್ನು 30 ದಿನಕ್ಕೆ ಇಳಿಸಿದ್ದರು. ಆದರೆ ತಾನಾಗಿ ಕೆಲಸ ಬಿಟ್ಟವರು, ಸ್ವಯಂ ನಿವೃತ್ತಿ ಪಡೆದವರು, ವಯೋನಿವೃತ್ತರು, ದುರ್ನಡತೆಗಾಗಿ ವಜಾ ಆದವರು ಇದಕ್ಕೆ ಅರ್ಹರಲ್ಲ. ಆ ಬಿಳಿ ಹಾಳೆಗೆ ಸಹಿ ಹಾಕಿದ್ದರೆ ದಾಖಲೆಯಲ್ಲಿ ನಾನೂ ತಾನಾಗಿ ಬಿಟ್ಟವನೇ ಆಗುತ್ತಿದ್ದೆ.

ನನಗೆ ನಿಜವಾದ ಆತಂಕ ಹುಟ್ಟಿಸಿದ್ದು ದಿನಗಳ ಲೆಕ್ಕ. ಎರಡು ವರ್ಷ ವಿಮೆಯಡಿ ದುಡಿದಿರಬೇಕು, ಕೆಲಸ ಹೋಗುವುದಕ್ಕೆ ಸರಿಯಾಗಿ ಹಿಂದಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನ, ಅದಕ್ಕೂ ಹಿಂದಿನ ಮೂರು ಅವಧಿಗಳ ಪೈಕಿ ಒಂದರಲ್ಲಾದರೂ 78 ದಿನದ ವಂತಿಗೆ ಇರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ನನ್ನ ಅವಧಿಯಲ್ಲಿ ಮೊದಲ ಎರಡು ತಿಂಗಳನ್ನು ಲಾಕ್‌ಡೌನ್ ನುಂಗಿತ್ತು. ಜೂನ್‌ನಿಂದ ಬಿಡದೆ ಶಿಫ್ಟ್ ಮಾಡಿದ್ದರಿಂದ 96 ದಿನ ಸಿಕ್ಕಿತು, ಬದುಕಿದೆ.

ಒಂದು ತಿಂಗಳು ಕಳೆದ ಮೇಲೆ ಇಎಸ್‌ಐ ಪೋರ್ಟಲ್‌ನಲ್ಲಿ ನಾನೇ ಅರ್ಜಿ ಹಾಕಿದೆ, ಮಾಲೀಕರ ಮೂಲಕ ಹೋಗಬೇಕಾಗಿರಲಿಲ್ಲ. ಆಧಾರ್‌ನಲ್ಲಿ ನನ್ನ ಇನಿಷಿಯಲ್ ಹಿಂದೆ, ಇಎಸ್‌ಐ ದಾಖಲೆಯಲ್ಲಿ ಮುಂದೆ ಇದ್ದುದನ್ನು ಸರಿಪಡಿಸಲು ಹಿಡಿದ ಸಮಯ ಅರ್ಜಿ ತುಂಬಲು ಹಿಡಿದದ್ದಕ್ಕಿಂತ ಹೆಚ್ಚು. ನಾಲ್ಕು ವಂತಿಗೆ ಅವಧಿಗಳ ಒಟ್ಟು ಗಳಿಕೆಯನ್ನು 730ರಿಂದ ಭಾಗಿಸಿ ದಿನದ ಸರಾಸರಿ ತೆಗೆಯುತ್ತಾರೆ. ಎರಡು ತಿಂಗಳ ಸಂಬಳವಿಲ್ಲದ ನನ್ನ ಗಳಿಕೆ 3,96,000 ರೂಪಾಯಿ, ಸರಾಸರಿ 542, ಅದರ ಅರ್ಧ 271. ಹೀಗೆ 90 ದಿನಕ್ಕೆ ಸುಮಾರು 24,400 ರೂಪಾಯಿ ನೇರವಾಗಿ ಬ್ಯಾಂಕ್ ಖಾತೆಗೆ ಬಂತು. ಮನೆ ಬಾಡಿಗೆಗೂ ರೇಷನ್‌ಗೂ ಅದೇ ಆಧಾರವಾಯಿತು.

ಅದೇ ಸೆಪ್ಟೆಂಬರ್‌ನಲ್ಲಿ 58 ತುಂಬಿ ನಿವೃತ್ತರಾದ ನಮ್ಮ ಫಿಟ್ಟರ್ ಅಣ್ಣನವರು ತಮಗೂ ಅರ್ಜಿ ಹಾಕಿಕೊಡಲು ಕೇಳಿದರು. ನಿವೃತ್ತಿಯನ್ನು ನಿರುದ್ಯೋಗವೆಂದು ಯೋಜನೆ ಎಣಿಸುವುದಿಲ್ಲವೆಂದು ಹೇಳಲು ನನಗೇ ಸಂಕೋಚವಾಯಿತು. ಆದರೆ ಐದು ವರ್ಷಕ್ಕೂ ಹೆಚ್ಚು ಕಾಲ ವಿಮೆಯಡಿ ದುಡಿದು ನಿವೃತ್ತರಾದ ಕಾರಣ, ವರ್ಷಕ್ಕೆ 120 ರೂಪಾಯಿ ಕಟ್ಟಿ ಅವರೂ ಅತ್ತಿಗೆಯವರೂ ಇಎಸ್‌ಐ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಬಹುದಿತ್ತು. ಆ ಅರ್ಜಿಯನ್ನು ಅಂದೇ ಇಬ್ಬರೂ ಕೂತು ತುಂಬಿದೆವು.