ಫ್ಲೂ ಯಾವಾಗ ಏರುತ್ತದೆ? ನಮ್ಮ ಓಪಿಡಿ ರಿಜಿಸ್ಟರ್ ಹೇಳಿದ್ದು

ಸೆಪ್ಟೆಂಬರ್ ಬಂತೆಂದರೆ ಔಷಧಿ ಕಂಪನಿಯ ಹುಡುಗರು ಫ್ಲೂ ಲಸಿಕೆಯ ಬ್ರೋಷರ್ ಹಿಡಿದು ಕ್ಲಿನಿಕ್ಕಿಗೆ ಬರುತ್ತಾರೆ. "ಸೀಸನ್ ಶುರುವಾಗ್ತಿದೆ ಸಾರ್, ಸ್ಟಾಕ್ ಇಟ್ಕೊಳ್ಳಿ" ಅನ್ನುತ್ತಾರೆ. ಯಾವ ಊರಿನ ಸೀಸನ್ನೋ! ಅಷ್ಟೊತ್ತಿಗೆ ದಾವಣಗೆರೆಯ ಅರ್ಧ ಓಣಿ ಜ್ವರ ಬಂದು ಮಲಗಿ ಎದ್ದಿರುತ್ತದೆ. ಇನ್ನು ಕೆಲವು ವರ್ಷ ಸೆಪ್ಟೆಂಬರಿನಲ್ಲಿ ಏನೂ ಇರುವುದಿಲ್ಲ, ಫೆಬ್ರವರಿಯಲ್ಲಿ ಬಂದು ಬಡಿಯುತ್ತದೆ.

ನಾವು ಓದಿದ ಪುಸ್ತಕದಲ್ಲಿ ಫ್ಲೂ ಚಳಿಗಾಲದ ರೋಗ. ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಅದು ಹೆಚ್ಚಾಗಿ ಮಳೆಗಾಲದ ರೋಗ. ಬೇರೆಯವರು ಹೇಳಿದ್ದನ್ನು ನಂಬಿ ಕೂರುವ ಬದಲು ನಮ್ಮದೇ ಹಳೇ ಓಪಿಡಿ ರಿಜಿಸ್ಟರ್‌ಗಳನ್ನು, ಅಂದರೆ ದಿನಾ ಬಂದು ತೋರಿಸಿ ಹೋಗುವ ರೋಗಿಗಳನ್ನು ಬರೆದಿಡುವ ಪುಸ್ತಕಗಳನ್ನು, ಅಟ್ಟದಿಂದ ಇಳಿಸಿ ಲೆಕ್ಕ ಹಾಕೋಣ ಅಂತ ಕೂತೆ. 2009ರ ಹಂದಿಜ್ವರದ ಕಾಲದಿಂದ ಇರುವ ಪುಸ್ತಕಗಳು. ಕೆಲವಕ್ಕೆ ಗೆದ್ದಲು ಹಿಡಿದಿತ್ತು, ಒಂದೆರಡರ ಮೇಲೆ ಬೆಟಾಡಿನ್ ಚೆಲ್ಲಿತ್ತು. ಓದಲು ಮಾತ್ರ ತೊಂದರೆ ಇರಲಿಲ್ಲ. ಕಂಪ್ಯೂಟರ್ ಸಾಫ್ಟ್‌ವೇರ್ ಏನೂ ಬೇಕಾಗಲಿಲ್ಲ. ಮಕ್ಕಳ ಗ್ರಾಫ್ ಪುಸ್ತಕ, ಪೆನ್ಸಿಲ್ಲು, ಕ್ಯಾಲ್ಕುಲೇಟರ್ ಇಷ್ಟೇ ಸಾಕಾಯಿತು.

ಮೊದಲು ಬಂದ ಪ್ರಶ್ನೆ, ಯಾರನ್ನು ಎಣಿಸುವುದು? ರಿಜಿಸ್ಟರಿನಲ್ಲಿ 'ಫ್ಲೂ' ಅಂತ ಯಾರೂ ಬರೆದಿರುವುದಿಲ್ಲ. ನಮ್ಮ ಕಾಂಪೌಂಡರ್ ಅಣ್ಣ ಬರೆಯುವುದು 'ಜ್ವ+ಕೆ' ಅಂತ, ಅಂದರೆ ಜ್ವರ, ಕೆಮ್ಮು. ಮೈಕೈ ನೋವಿದ್ದರೆ ಪಕ್ಕದಲ್ಲಿ ಒಂದು 'ಮೈ'. ಪುಣ್ಯಕ್ಕೆ ಜ್ವರ ಎಷ್ಟಿತ್ತು ಅನ್ನುವುದನ್ನೂ ಅವರು ಬರೆದಿಡುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ 'ಫ್ಲೂ ಥರದ ಕಾಯಿಲೆ'ಗೆ ಒಂದು ಅಳತೆ ಕೊಟ್ಟಿದೆ: ಜ್ವರ 38 ಡಿಗ್ರಿ ಸೆಲ್ಸಿಯಸ್ ಅಥವಾ ಜಾಸ್ತಿ, ಜೊತೆಗೆ ಕೆಮ್ಮು, ಶುರುವಾಗಿ 10 ದಿನದ ಒಳಗೆ. ನಮ್ಮ ಫ್ಯಾರನ್‌ಹೀಟ್ ಥರ್ಮಾಮೀಟರಿನಲ್ಲಿ ಅದು 100.4. ಆ ಗೆರೆ ದಾಟಿದವರನ್ನು ಮಾತ್ರ ಹಿಡಿದೆ.

ಈ ಜ್ವರದ ಗೆರೆ ನಮ್ಮ ಊರಿಗೆ ತುಂಬಾ ಮುಖ್ಯ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿಯುವವರಿಗೆ ಕೆಮ್ಮು ವರ್ಷಪೂರ್ತಿ ಇರುತ್ತದೆ. ಮೆಕ್ಕೆಜೋಳದ ಒಕ್ಕಣೆ ಶುರುವಾದರೆ ಧೂಳಿಗೆ ಇನ್ನಷ್ಟು ಜನ ಕೆಮ್ಮಿಕೊಂಡು ಬರುತ್ತಾರೆ. ಬರೀ ಕೆಮ್ಮು ಎಣಿಸಿದರೆ ಪ್ರತಿ ವರ್ಷ ಅಕ್ಟೋಬರ್-ನವೆಂಬರಿನಲ್ಲಿ ಒಂದು ದೊಡ್ಡ ಗುಡ್ಡ ಎದ್ದು ನಿಲ್ಲುತ್ತದೆ. ಅದು ಜೋಳದ ಧೂಳಿನ ಗುಡ್ಡ, ಫ್ಲೂ ಅಲ್ಲ. ಬರೀ ಜ್ವರ ಎಣಿಸಿದರೆ ಡೆಂಗಿ ಬಂದು ಸೇರಿಕೊಳ್ಳುತ್ತದೆ. ಡೆಂಗಿಯಲ್ಲಿ ಕೆಮ್ಮು ಕಡಿಮೆ, ಹಾಗಾಗಿ ಎರಡೂ ಇರಬೇಕು ಅನ್ನುವ ನಿಯಮ ಒಳ್ಳೆ ಜರಡಿ. ಆದರೂ ಈ ಜರಡಿಯಲ್ಲಿ ಆರ್‌ಎಸ್‌ವಿ (ಮಕ್ಕಳ ಎದೆಗೆ ಕಾಟ ಕೊಡುವ ವೈರಸ್ಸು), ಕೋವಿಡ್, ಬೇರೆ ವೈರಸ್‌ಗಳೂ ಉಳಿದುಕೊಳ್ಳುತ್ತವೆ. ಅದಕ್ಕೆ ಗ್ರಾಫ್ ಏರಲು ಶುರುವಾದಾಗ ಕೆಲವರ ಗಂಟಲ ದ್ರವ ತೆಗೆಸಿ, ಯಾವ ವೈರಸ್ಸು ಅಂತ ಗುರುತಿಸುವ ಪಿಸಿಆರ್ ಪರೀಕ್ಷೆಗೆ ಕಳಿಸುತ್ತೇನೆ. ಎಲ್ಲರಿಗೂ ಮಾಡಿಸಲು ಜೇಬು ಬಿಡಲ್ಲ. ನಾಲ್ಕಾರು ಜನರದ್ದು ಸಾಕು, ಈ ಏರಿಕೆ ಯಾವ ವೈರಸ್ಸಿನದು ಅಂತ ಗೊತ್ತಾಗುತ್ತದೆ.

ಎರಡನೇದು ಭಾಗಾಕಾರ. ಬಿತ್ತನೆ ಕಾಲದಲ್ಲಿ ಹಳ್ಳಿಯವರು ಸತ್ತರೂ ಪೇಟೆಗೆ ಬರಲ್ಲ. ಗಣೇಶ ಹಬ್ಬದ ವಾರ ಓಪಿಡಿ ಖಾಲಿ, ಹಬ್ಬ ಮುಗಿದ ಸೋಮವಾರ ಜಾತ್ರೆ. ಕೇಸುಗಳನ್ನು ಹಾಗೇ ಎಣಿಸಿದರೆ ಈ ಏರಿಳಿತವೆಲ್ಲ ರೋಗದ ಏರಿಳಿತದ ಹಾಗೆ ಕಾಣುತ್ತದೆ. ಅದಕ್ಕೆ ಆ ವಾರ ಬಂದ ಒಟ್ಟು ರೋಗಿಗಳಲ್ಲಿ ನೂರಕ್ಕೆ ಎಷ್ಟು ಜನ 'ಜ್ವ+ಕೆ' ಅಂತ ತೆಗೆದೆ. ಆಮೇಲೆ ಹಿಂದಿನ ವಾರ, ಈ ವಾರ, ಮುಂದಿನ ವಾರ ಮೂರನ್ನೂ ಕೂಡಿಸಿ ಸರಾಸರಿ ಹಾಕಿದೆ. ಗೆರೆಯ ಕುಣಿತ ನಿಂತಿತು.

ಮೂರನೇದು ಯಾರೂ ಅಷ್ಟಾಗಿ ಯೋಚಿಸದ ವಿಷಯ. ವರ್ಷವನ್ನು ಎಲ್ಲಿಂದ ಶುರು ಮಾಡುವುದು? ಜನವರಿಯಿಂದ ಶುರು ಮಾಡಿದರೆ ಡಿಸೆಂಬರಿನಲ್ಲಿ ಎದ್ದು ಫೆಬ್ರವರಿಗೆ ಇಳಿಯುವ ಅಲೆ ಎರಡು ತುಂಡಾಗಿ, ಅರ್ಧ ಹಳೇ ವರ್ಷಕ್ಕೆ, ಅರ್ಧ ಹೊಸ ವರ್ಷಕ್ಕೆ ಹೋಗುತ್ತದೆ. ಆಗ ಒಂದೇ ಅಲೆ ಎರಡು ಸಲ ಬಂದ ಹಾಗೆ ಲೆಕ್ಕ. ನನ್ನ ರಿಜಿಸ್ಟರಿನಲ್ಲಿ ತೀರಾ ತಗ್ಗಿನ ಕಾಲ ಏಪ್ರಿಲ್ ಕೊನೆ, ಮೇ. ಬಿಸಿಲಿಗೆ ಊರೇ ಬೆಂದಿರುತ್ತದೆ, ಶಾಲೆ ಇರಲ್ಲ, ಫ್ಲೂ ಕೂಡ ಇರಲ್ಲ. ಹಾಗಾಗಿ ನನ್ನ ಫ್ಲೂ ವರ್ಷ ಮೇ ತಿಂಗಳಲ್ಲಿ ಶುರು. ಅಮೆರಿಕದವರೂ ಇದೇ ಕಾರಣಕ್ಕೆ ತಮ್ಮ ಸೀಸನ್ನನ್ನು 40ನೇ ವಾರದಿಂದ, ಅಂದರೆ ಅಕ್ಟೋಬರ್ ಆರಂಭದಿಂದ ಎಣಿಸುತ್ತಾರೆ.

ಇನ್ನೊಂದು ಉಪಾಯ ನನಗೆ ಕಲಿಸಿದ್ದು ರೋಗಿಗಳೇ. ಕ್ಲಿನಿಕ್ಕಿಗೆ ಬಂದ ದಿನ ಬೇರೆ, ಕಾಯಿಲೆ ಶುರುವಾದ ದಿನ ಬೇರೆ. ನಮಗೆ ಬೇಕಾದದ್ದು ಎರಡನೇದು. ಹರಿಹರದ ಕಡೆಯ ಒಬ್ಬ ಅಜ್ಜಿಯನ್ನು "ಯಾವಾಗಿಂದ ಅಜ್ಜಿ ಜ್ವರ?" ಅಂತ ಕೇಳಿದರೆ ತಾರೀಖು ಹೇಳಲಿಲ್ಲ. "ಆರಿದ್ರಾ ಮಳಿ ಹೋಗೋ ದಿನ ಹಿಡಕಂತು ನೋಡಪ್ಪ" ಅಂದರು. ಆರಿದ್ರಾ ಹೋಗುವುದು ಜುಲೈ 5ರ ಆಸುಪಾಸು. ಇದಕ್ಕಿಂತ ಸರಿಯಾದ ತಾರೀಖು ಬೇಕಾ?

ಆಮೇಲೆ ಕೂತು ನೋಡಿದೆ. ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕದವು. ಹಬ್ಬಗಳ ಹಾಗೆ ಹಿಂದೆ ಮುಂದೆ ಓಡಾಡಲ್ಲ, ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ. ಒಂದೊಂದೂ 13-14 ದಿನ. ಆರಿದ್ರಾ ಜೂನ್ 21ರ ಹೊತ್ತಿಗೆ, ಪುಷ್ಯ ಜುಲೈ 19ಕ್ಕೆ, ಮಘೆ ಆಗಸ್ಟ್ 16ಕ್ಕೆ, ಹಸ್ತ ಸೆಪ್ಟೆಂಬರ್ 27ಕ್ಕೆ. ಅಂದರೆ ಎರಡೆರಡು ವಾರದ ಸಿದ್ಧ ಖಾನೆಗಳು ಪಂಚಾಂಗದಲ್ಲೇ ಇವೆ. ಸರ್ಕಾರಕ್ಕೆ ಕಳಿಸುವ ವರದಿ ವಾರದ ಲೆಕ್ಕದಲ್ಲಿ ಇರಬೇಕು, ಅದು ಸರಿ. ಆದರೆ ಹಳ್ಳಿಯ ಹಿರಿಯರಿಂದ ಕಾಯಿಲೆ ಶುರುವಾದ ದಿನ ತಿಳಿಯಲು ನಾನು ಈಗಲೂ "ಯಾವ ಮಳೆ ಆಗ?" ಅಂತಲೇ ಕೇಳುತ್ತೇನೆ.

ಇಷ್ಟೆಲ್ಲ ಮಾಡಿ ಹಾಳೆಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಏನು ಕಂಡಿತು? ಬಹುತೇಕ ವರ್ಷ ಎರಡು ಗುಡ್ಡ. ಒಂದು ಪುನರ್ವಸುವಿನಿಂದ ಹುಬ್ಬೆಯವರೆಗೆ, ಅಂದರೆ ಜುಲೈ, ಆಗಸ್ಟ್, ಸೆಪ್ಟೆಂಬರ್. ಇನ್ನೊಂದು ಜನವರಿಯಿಂದ ಮಾರ್ಚ್. ಒಂದು ದೊಡ್ಡದಾದರೆ ಇನ್ನೊಂದು ಸಾಮಾನ್ಯವಾಗಿ ಸಣ್ಣದು. ಯಾವುದು ದೊಡ್ಡದು ಅನ್ನುವುದು ಮಾತ್ರ ವರ್ಷವರ್ಷಕ್ಕೂ ಬದಲು.

ದೇಶದ ಚಿತ್ರದ ಪಕ್ಕ ಇಟ್ಟು ನೋಡಿದರೆ ಇದೇನೂ ವಿಚಿತ್ರ ಅಲ್ಲ. ಭಾರತ ಪೂರ್ತಿ ಭೂಮಧ್ಯ ರೇಖೆಯ ಉತ್ತರಕ್ಕಿದ್ದರೂ ಶ್ರೀನಗರದ ಫ್ಲೂ ಮಾತ್ರ ಯುರೋಪಿನ ಹಾಗೆ ಜನವರಿಯಿಂದ ಮಾರ್ಚ್. ದೇಶದ ಬಹುಪಾಲು ಕಡೆ ಮುಂಗಾರಿನ ಜೊತೆ. ಚೆನ್ನೈ ಕಡೆ ಮಳೆ ತಡ, ಅಲ್ಲಿ ಫ್ಲೂ ಕೂಡ ಅಕ್ಟೋಬರ್-ನವೆಂಬರಿಗೆ ಜರುಗುತ್ತದೆ. ಮುಂಗಾರು ಹಿಂಗಾರು ಎರಡೂ ತಟ್ಟುವ ನಮ್ಮ ಬಯಲುಸೀಮೆ ನಡುವೆ ಸಿಕ್ಕಿಕೊಂಡಿದೆ.

2009ರಲ್ಲಿ ಹೊಸ ಎಚ್1ಎನ್1, ಅಂದರೆ ಹಂದಿಜ್ವರದ ವೈರಸ್ಸು, ಬಂದಾಗ ಜೂನ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮಹಾಪಿಡುಗು ಅಂತ ಘೋಷಿಸಿತು. ಭಾರತದ ಮೊದಲ ಸಾವು ಪುಣೆಯಲ್ಲಿ, ಆಗಸ್ಟ್ ಆರಂಭದಲ್ಲಿ. ಅಮೆರಿಕದಲ್ಲಿ ಆ ವರ್ಷ ಫ್ಲೂ ತುದಿ ಮುಟ್ಟಿದ್ದು, ಅಂದರೆ ಅತಿ ಹೆಚ್ಚು ಕೇಸು ಬಂದದ್ದು, ಅಕ್ಟೋಬರಿನಲ್ಲಿ. ಅಲ್ಲಿ ಮಾಮೂಲಿ ವರ್ಷಗಳಲ್ಲಿ ತುದಿ ಹೆಚ್ಚಾಗಿ ಫೆಬ್ರವರಿಯಲ್ಲಿ ಬರುತ್ತದೆ. ಹೆಚ್ಚಿನವರ ಮೈಯಲ್ಲಿ ತಡೆಯುವ ಶಕ್ತಿ ಇಲ್ಲದ ಹೊಸ ವೈರಸ್ಸು ಬಂದರೆ ಹವಾಮಾನಕ್ಕೆ ಕಾಯಲ್ಲ ಅನ್ನುವುದಕ್ಕೆ ಇದು ಸಾಕ್ಷಿ. 2015ರಲ್ಲಿ ಅದೇ ಎಚ್1ಎನ್1 ದೇಶಕ್ಕೆ ಬಡಿದದ್ದು ಜನವರಿಯಿಂದ ಮಾರ್ಚ್. ಆ ವರ್ಷ ದೇಶದಲ್ಲಿ ದಾಖಲಾದದ್ದು 42 ಸಾವಿರಕ್ಕೂ ಹೆಚ್ಚು ಕೇಸು, ಸುಮಾರು 3 ಸಾವಿರ ಸಾವು. 2022ರಲ್ಲಿ ಮತ್ತೆ ಮುಂಗಾರಿಗೆ, ಜುಲೈ-ಆಗಸ್ಟ್. 2023ರಲ್ಲಿ ಫ್ಲೂವಿನ ಇನ್ನೊಂದು ತಳಿ ಎಚ್3ಎನ್2, ಫೆಬ್ರವರಿ-ಮಾರ್ಚ್. ಆಗ ಹಾಸನದಲ್ಲಿ ಒಂದು ಸಾವಾಗಿ ಸುದ್ದಿಯಾಯಿತಲ್ಲ, ಆ ವಾರ ನನ್ನ ಓಪಿಡಿಯಲ್ಲಿ ಸುಮ್ನೆ ಮೂಗು ಸೋರುವವರೂ ಬಂದು ಕೂತರು. ಟೀವಿ ನೋಡಿ ಬಂದವರನ್ನು ಗ್ರಾಫಿನಿಂದ ಹೊರಗಿಟ್ಟದ್ದು ಮತ್ತೆ ಆ 100.4ರ ಗೆರೆಯೇ.

ನಡುವಿನ ಕೋವಿಡ್ ವರ್ಷಗಳದ್ದು ಬೇರೆಯೇ ಕಥೆ. 2020ರ ಮಾರ್ಚ್ ಆದಮೇಲೆ ಜಗತ್ತಿನಲ್ಲೆಲ್ಲ ಫ್ಲೂ ಮಾಯವಾದ ಹಾಗಾಯಿತು. ಮಾಸ್ಕ್, ಮುಚ್ಚಿದ ಶಾಲೆ, ನಿಂತ ವಿಮಾನ. ಫ್ಲೂ ವೈರಸ್ಸುಗಳಲ್ಲಿ ಬಿ ಗುಂಪಿನ ಯಮಗಾಟ ಅನ್ನುವ ತಳಿಯಂತೂ ಆಮೇಲೆ ಖಚಿತವಾಗಿ ಎಲ್ಲೂ ಸಿಕ್ಕಿಲ್ಲ, ಈಗ ಲಸಿಕೆಯಿಂದಲೂ ಅದನ್ನು ಕೈಬಿಡುತ್ತಿದ್ದಾರೆ. ಬಂದ್ ಎಲ್ಲ ತೆರವಾದ ಮೇಲೆ ಫ್ಲೂ ಹಳೇ ತಾರೀಖಿಗೆ ಬರಲಿಲ್ಲ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ ಆಗಸ್ಟ್ ಹೊತ್ತಿಗೆ ತುದಿ ಮುಟ್ಟುವುದು 2022ರಲ್ಲಿ ಮೇ ಕೊನೆ, ಜೂನ್ ಆರಂಭಕ್ಕೇ ಮುಟ್ಟಿತು. ಅಮೆರಿಕದಲ್ಲಿ ಅದೇ ವರ್ಷ ಡಿಸೆಂಬರ್ ಹೊತ್ತಿಗೇ ಏರಿ ಇಳಿಯಿತು.

ಇದನ್ನೆಲ್ಲ ಕೇಳಿದ ಗೆಳೆಯರು ಕೂಡಲೇ "ಹವಾಮಾನ ಬದಲಾವಣೆ ಕಣ್ರೀ" ಅನ್ನುತ್ತಾರೆ. ಹಾಗೆ ಹೇಳಬೇಕಾದರೆ ತುದಿ ವರ್ಷವರ್ಷಕ್ಕೂ ಒಂದೇ ದಿಕ್ಕಿಗೆ ನಿಧಾನವಾಗಿ ಜರುಗಬೇಕು, ಅಲ್ವಾ? ನನ್ನ ಹಾಳೆಗಳಲ್ಲಿ ಕಾಣುವುದು ಜರುಗುವಿಕೆ ಅಲ್ಲ, ಜಿಗಿತ. ಈ ವರ್ಷ ಮಳೆಗಾಲ, ಮುಂದಿನ ಸಲ ಚಳಿ, ಮತ್ತೆ ಮಳೆಗಾಲ. ಜಿಗಿತಕ್ಕೆ ನಾನು ನಂಬುವ ಕಾರಣ ಎರಡು. ಒಂದು, ಹಿಂದಿನ ಅಲೆ ಎಷ್ಟು ಜನರಿಗೆ ತಗುಲಿ ಎಷ್ಟು ರೋಗನಿರೋಧಕ ಶಕ್ತಿ ಉಳಿಸಿಹೋಯಿತು ಅನ್ನುವುದು. ಫೆಬ್ರವರಿಯಲ್ಲಿ ದೊಡ್ಡ ಅಲೆ ಬಂದಿದ್ದರೆ ಜುಲೈಗೆ ಆ ತಳಿಗೆ ಉರಿಯಲು ಸೌದೆ ಇರಲ್ಲ. ಎರಡು, ಯಾವ ತಳಿ ಓಡಾಡುತ್ತಿದೆ ಅನ್ನುವುದು. ಚಳಿ ದೇಶಗಳಲ್ಲಿ ಎಚ್3ಎನ್2 ಸಾಮಾನ್ಯವಾಗಿ ಬೇಗ ಏರುತ್ತದೆ, ಬಿ ತಳಿ ಸೀಸನ್ನಿನ ಕೊನೆಗೆ ಬರುತ್ತದೆ. ಹವೆಯ ಪಾತ್ರ ಇಲ್ಲ ಅಂತಲ್ಲ. ತಂಪು, ಒಣ ಗಾಳಿಯಲ್ಲಿ ಈ ವೈರಸ್ಸು ಚೆನ್ನಾಗಿ ಹರಡುತ್ತದೆ ಅಂತ 2007ರಲ್ಲಿ ಗಿನಿ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಾರೆ. ನಮ್ಮ ಜುಲೈನ ಜಿಟಿಜಿಟಿ ಮಳೆಗೆ ಆ ಒಣ ಗಾಳಿಯ ವಿವರಣೆ ಒಗ್ಗಲ್ಲ. ಇಲ್ಲಿ ಕಿಟಕಿ ಮುಚ್ಚಿದ ಮನೆ, ಜೂನಿನಲ್ಲಿ ತೆರೆದ ಶಾಲೆ, ಒದ್ದೆ ಬಟ್ಟೆಯ ಮಕ್ಕಳು ತುಂಬಿದ ಬಸ್ಸು, ಇವು ಕೆಲಸ ಮಾಡುತ್ತವೆ.

ಲೆಕ್ಕ ಹಾಕಲು ಹೊರಟವರಿಗೆ ಒಂದು ಮಾತು. 'ತುದಿಯ ವಾರ' ಅನ್ನುವುದು ಬಲು ಚಂಚಲ. ಒಂದು ಹಾಸ್ಟೆಲ್ಲಿನ ಹುಡುಗರು ಒಟ್ಟಿಗೆ ಬಂದರೆ ಸಾಕು, ತುದಿ ಎರಡು ವಾರ ಆಚೆ ಹೋಗಿಬಿಡುತ್ತದೆ. ಅದಕ್ಕಿಂತ ಗಟ್ಟಿಯಾದದ್ದು 'ಅರ್ಧ ಮುಗಿದ ವಾರ', ಅಂದರೆ ಆ ಅಲೆಯ ಒಟ್ಟು ಕೇಸಿನಲ್ಲಿ ಅರ್ಧದಷ್ಟು ಬಂದು ಮುಗಿದ ವಾರ. ಆದರೆ ಇಡೀ ವರ್ಷಕ್ಕೆ ಒಂದೇ ಅರ್ಧ ಹುಡುಕಬೇಡಿ. ಎರಡು ಗುಡ್ಡ ಇರುವ ಊರಿನಲ್ಲಿ ಆ ಅರ್ಧ ಹೋಗಿ ನಡುವಿನ ತಗ್ಗಿನಲ್ಲಿ ಬೀಳಬಹುದು, ಯಾರಿಗೂ ಜ್ವರವೇ ಇಲ್ಲದ ನವೆಂಬರಿನಲ್ಲಿ. ನಾನು ಮೇಯಿಂದ ನವೆಂಬರ್ ಒಂದು ತುಂಡು, ಡಿಸೆಂಬರಿನಿಂದ ಏಪ್ರಿಲ್ ಇನ್ನೊಂದು ತುಂಡು ಮಾಡಿ, ಎರಡಕ್ಕೂ ಬೇರೆ ಬೇರೆ ತೆಗೆಯುತ್ತೇನೆ. ಊರುಗಳನ್ನು ಬೇರೆ ಮಾಡುವುದೂ ಒಳ್ಳೆಯದು. ಭದ್ರಾ ನಾಲೆಗೆ ನೀರು ಬಿಟ್ಟರೆ ಮೇಲಿನ ಗದ್ದೆಗೆ ಮೊದಲು, ಕೊನೆಯಂಚಿಗೆ ತಡವಾಗಿ ಮುಟ್ಟುವ ಹಾಗೆ ಅಲೆ ಪೇಟೆಗೆ ಮೊದಲು, ಜಗಳೂರು ಕಡೆಯ ಹಳ್ಳಿಗಳಿಗೆ ಆಮೇಲೆ. ಎಲ್ಲ ಒಟ್ಟು ಮಾಡಿದರೆ ತುದಿ ಚಪ್ಪಟೆಯಾಗುತ್ತದೆ.

ಈ ಲೆಕ್ಕದಿಂದ ನನ್ನ ಕೆಲಸದಲ್ಲಿ ಬದಲಾದದ್ದು ಲಸಿಕೆಯ ತಿಂಗಳು. ಲಸಿಕೆ ಕೆಲಸ ಶುರು ಮಾಡಲು ಸುಮಾರು ಎರಡು ವಾರ ಬೇಕು, ಕೆಲವು ತಿಂಗಳಾದ ಮೇಲೆ ಅದರ ಶಕ್ತಿ ಕುಂದುತ್ತದೆ. ಜುಲೈನ ಗುಡ್ಡಕ್ಕೆ ತಯಾರಾಗಬೇಕಾದರೆ ಮೇ ಕೊನೆಯೊಳಗೆ ಕೊಡಬೇಕು. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ಸಕ್ಕರೆ ಕಾಯಿಲೆಯವರು, ಅಸ್ತಮಾದವರು, ಅರವತ್ತು ದಾಟಿದವರು, ಇವರ ಪಟ್ಟಿ ಯುಗಾದಿ ಹೊತ್ತಿಗೆ ತಯಾರಿರುತ್ತದೆ. ಮೊದಲ ಸಲ ಹಾಕಿಸಿಕೊಳ್ಳುವ ಸಣ್ಣ ಮಕ್ಕಳಿಗೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಹಾಗಾಗಿ ಅವರನ್ನು ಏಪ್ರಿಲಿನಲ್ಲೇ ಕರೆಯುತ್ತೇನೆ.

ಲಸಿಕೆ ಪೆಟ್ಟಿಗೆಯ ಮೇಲಿನ ಅಕ್ಷರವನ್ನೂ ಓದುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಯಾವ ತಳಿ ಹಾಕಬೇಕು ಅಂತ ವರ್ಷಕ್ಕೆ ಎರಡು ಸಲ ಹೇಳುತ್ತದೆ: ಉತ್ತರಾರ್ಧ ಗೋಳಕ್ಕೆ ಫೆಬ್ರವರಿಯಲ್ಲಿ, ದಕ್ಷಿಣಾರ್ಧಕ್ಕೆ ಸೆಪ್ಟೆಂಬರಿನಲ್ಲಿ. ಫೆಬ್ರವರಿಯದ್ದು ತಯಾರಾಗಿ ಬರುವಷ್ಟರಲ್ಲಿ ಮಳೆಗಾಲ ಮುಗಿಯುತ್ತ ಬಂದಿರುತ್ತದೆ. ಭೂಪಟದಲ್ಲಿ ನಾವು ಉತ್ತರದವರು, ಆದರೆ ಮುಂಗಾರಿನ ಮುಂಚೆ ಕೊಡಲು ಸರಿಹೊಂದುವುದು ದಕ್ಷಿಣಾರ್ಧದ ಪೆಟ್ಟಿಗೆ. ಮೆಡಿಕಲ್ ಸ್ಟೋರಿನವರಿಗೆ ಮಾರ್ಚಿನಲ್ಲೇ "ಅಣ್ಣ, ಹೊಸ ವರ್ಷದ ದಕ್ಷಿಣದ್ದೇ ತರಿಸಿ, ಹಳೇ ಸ್ಟಾಕ್ ಬೇಡ" ಅಂತ ಹೇಳಿಡುತ್ತೇನೆ. ಅವರಿಗೆ ಒಂದು ತಕರಾರಿದೆ, ಅದೂ ನ್ಯಾಯದ್ದೇ. ಮೇ ತಿಂಗಳ ಸೆಖೆಯಲ್ಲಿ ಕರೆಂಟ್ ಹೋಗಿ ಬಂದು ಮಾಡಿದರೆ 2ರಿಂದ 8 ಡಿಗ್ರಿಯಲ್ಲಿ ಲಸಿಕೆ ಕಾಯುವುದು ಕಷ್ಟ. ಅದಕ್ಕೆ ಒಟ್ಟಿಗೆ ತರಿಸಲ್ಲ. ಹೆಸರು ಬರೆಸಿದವರನ್ನು ವಾರದಲ್ಲಿ ಒಂದು ದಿನಕ್ಕೆ ಕರೆದು, ಅವತ್ತಿಗೆ ಬೇಕಾದಷ್ಟೇ ಐಸ್ ಬಾಕ್ಸಿನಲ್ಲಿ ತರಿಸಿಕೊಂಡು, ಅವತ್ತೇ ಮುಗಿಸುತ್ತೇವೆ.

ಸೆಪ್ಟೆಂಬರಿನ ಹುಡುಗರು ಈಗಲೂ ಬರುತ್ತಾರೆ. ಅವರಿಂದಲೂ ಒಂದಿಷ್ಟು ತೆಗೆದುಕೊಳ್ಳುತ್ತೇನೆ. ಮೇನಲ್ಲಿ ತಪ್ಪಿಸಿಕೊಂಡವರಿಗೆ ಜನವರಿಯ ಗುಡ್ಡ ಇನ್ನೂ ಮುಂದೆ ಇರುತ್ತದಲ್ಲ.