ಕೋಲಾರದ ಅಂಗಳಕ್ಕೆ ಅಲಂಕಾರಿಕ ಹುಲ್ಲು: ಆಯ್ಕೆ, ನಾಟಿ ಮತ್ತು ಆರೈಕೆ

ಸದಾ ಹರಿಯುವ ನದಿಯಿಲ್ಲದೆ ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿರುವ ಕೋಲಾರದಂತಹ ಊರಿನಲ್ಲಿ, ಪದೇಪದೇ ನೀರು ಬೇಡುವ ಹುಲ್ಲುಹಾಸಿಗಿಂತ ಪೊದೆಕಟ್ಟಿ ಬೆಳೆಯುವ ಅಲಂಕಾರಿಕ ಹುಲ್ಲುಗಳೇ ಮನೆಯಂಗಳಕ್ಕೆ ತಕ್ಕವು.

ಮೊದಲ ಆಯ್ಕೆ ಲಾವಂಚವೇ ಆಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಇದರ ಬೇರುಗಳು ಅಕ್ಕಪಕ್ಕ ಹಬ್ಬದೆ ನೇರವಾಗಿ ಆಳಕ್ಕಿಳಿಯುವುದರಿಂದ ಪಕ್ಕದ ಗಿಡಗಳಿಗೆ ತೊಂದರೆಯಾಗುವುದಿಲ್ಲ. ಇಳಿಜಾರಿನ ಅಂಚಿನಲ್ಲಿ ಸಾಲಾಗಿ ನೆಟ್ಟರೆ ಮಣ್ಣು ಕೊಚ್ಚಿಹೋಗುವುದೂ ತಪ್ಪುತ್ತದೆ. ಅಡುಗೆಮನೆಯ ಹಿಂದೆ ಮಜ್ಜಿಗೆಹುಲ್ಲು ಇರಲಿ. ಬಣ್ಣ ಬೇಕೆನ್ನುವವರು ನರ್ಸರಿಗಳಲ್ಲಿ ಸಿಗುವ ನೇರಳೆ ಎಲೆಯ ಫೌಂಟನ್ ಗ್ರಾಸ್ ತರಬಹುದು. ಆದರೆ ಅದರ ಹಸಿರು ಬಗೆಯನ್ನು ದಯವಿಟ್ಟು ನೆಡಬೇಡಿ, ಏಕೆಂದರೆ ಗಾಳಿಯಲ್ಲಿ ಹಾರುವ ಅದರ ಬೀಜಗಳು ಹಲವು ದೇಶಗಳಲ್ಲಿ ಈಗಾಗಲೇ ಹತೋಟಿ ಮೀರಿದ ಕಳೆಯಾಗಿವೆ. ಪಂಪಾಸ್ ಹುಲ್ಲಿನ ಎಲೆಯಂಚು ಕೈ ಕುಯ್ಯುವಷ್ಟು ಹರಿತವಾದುದರಿಂದ ಮಕ್ಕಳು ಓಡಾಡುವ ಜಾಗಕ್ಕೆ ಅದು ಸಲ್ಲದು. ತಂಪು ಹವೆಯ ನೀಲಿ ಫೆಸ್ಕ್ಯೂ ಎಂಬ ಹುಲ್ಲು ನಮ್ಮ ಬೇಸಿಗೆಗೆ ಬಾಳುವುದಿಲ್ಲ.

ಜೂನ್–ಜುಲೈನಲ್ಲಿ ಮಣ್ಣು ಹದವಾದಾಗ ನೆಟ್ಟರೆ, ಸೆಪ್ಟೆಂಬರ್–ಅಕ್ಟೋಬರ್‌ನ ದೊಡ್ಡ ಮಳೆಯ ಹೊತ್ತಿಗೆ ಬೇರು ನೆಲೆಯೂರಿರುತ್ತದೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಕಡೆ, ಎರಡರಿಂದ ಮೂರು ಅಡಿ ಅಂತರದಲ್ಲಿ, ಒಂದಡಿ ಆಳದ ಗುಂಡಿ ತೆಗೆದು, ಕಳಿತ ಕೊಟ್ಟಿಗೆ ಗೊಬ್ಬರವನ್ನು ಎರಡು ಬೊಗಸೆಯಷ್ಟು ಮಾತ್ರ ಬೆರೆಸಿ. ಯೂರಿಯಾ ಬೇಡವೇ ಬೇಡ. ಸಾರ ಹೆಚ್ಚಾದರೆ ಎಲೆಗಳು ಸೊಂಪಾಗಿ ಬೆಳೆದು, ನಿಲ್ಲುವ ಬಲವಿಲ್ಲದೆ ನೆಲಕ್ಕೆ ಒರಗುತ್ತವೆ. ಮಳೆ ಬಾರದಿದ್ದರೆ ಮೊದಲ ಮೂರು ವಾರ ದಿನ ಬಿಟ್ಟು ದಿನ ನೀರು ಕೊಟ್ಟು, ಆಮೇಲೆ ಮೇಲ್ಮಣ್ಣು ಒಣಗಿದಾಗಷ್ಟೇ ಕೊಡಿ.

ಎರಡು–ಮೂರು ವರ್ಷ ಕಳೆದ ಪೊದೆಯನ್ನು ಬಗ್ಗಿ ನೋಡಿದರೆ ನಡುಭಾಗ ಒಣಗಿ ಕಂದಾಗಿ, ಹಸಿರು ತೆಂಡೆಗಳು (ಬುಡದಿಂದ ಒಡೆಯುವ ಕವಲುಗಳು) ಅಂಚಿನಲ್ಲಿ ಮಾತ್ರ ಬಳೆಯಂತೆ ಸುತ್ತಿಕೊಂಡಿರುತ್ತವೆ. ಮುಂಗಾರು ಹಿಡಿದ ಮೇಲೆ ಇಂತಹ ಪೊದೆಯನ್ನು ಹಗ್ಗದಿಂದ ಬಿಗಿದು, ನೆಲದಿಂದ ಒಂದು ಗೇಣು ಬಿಟ್ಟು ಕುಡುಗೋಲಿನಿಂದ ಕೊಯ್ಯಬೇಕು. ಬಳಿಕ ಹಾರೆಯಿಂದ ಬುಡವನ್ನು ಮೀಟಿ ಎಬ್ಬಿಸಿ, ಒಂದೊಂದರಲ್ಲೂ ಮೂರು–ನಾಲ್ಕು ತೆಂಡೆಯೂ ಬೇರೂ ಇರುವಂತೆ ಸೀಳಿ, ಒಣ ನಡುವನ್ನು ಎಸೆದು, ಉಳಿದವನ್ನು ಬೇರು ಒಣಗುವ ಮೊದಲೇ ನೆಡಬೇಕು. ಕೊಯ್ದ ಎಲೆಗಳನ್ನು ಪಾತಿಗೆ ಹೊದಿಕೆಯಾಗಿ ಹರಡಬಹುದಾದರೂ, ಒಣಹುಲ್ಲಿಗೆ ಗೆದ್ದಲು ಬರುವ ಸಂಭವವಿರುವುದರಿಂದ ಬುಡದ ಸುತ್ತ ನಾಲ್ಕು ಬೆರಳಷ್ಟು ಜಾಗವನ್ನು ಖಾಲಿ ಬಿಡಿ.